ಲಾಳಿ ಓಡಿತು, ವಾತಾಪಿ ಎದ್ದು ಬಂದ

ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೆ ನಾಟಕವೆಂದರೇನು ಎಂದು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ತೇರು ಎಳೆದ ಮೇಲೆ ಜಾತ್ರೆ ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ. ನಾಡಿನ ವೃತ್ತಿ ನಾಟಕ ಕಂಪನಿಗಳು ವರ್ಷವಿಡೀ ಎಲ್ಲೆಲ್ಲೋ ಕ್ಯಾಂಪ್ ಹಾಕಿದ್ದರೂ ಆ ಹೊತ್ತಿಗೆ ಅಲ್ಲಿಗೆ ಬಂದು ತಗಡಿನ ಥೇಟರು ಎಬ್ಬಿಸುತ್ತವೆ. ಸಂಜೆ ಶುರುವಾದ ಆಟಗಳು ಬೆಳಗಿನ ಜಾವದವರೆಗೂ ಸಾಗುತ್ತವೆ. ಒಂದು ಥೇಟರಿನ ಹಾಡು ಇನ್ನೊಂದರ ಮಾತಿಗೆ ಅಡ್ಡ ಬರುತ್ತದೆ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಅಪ್ಪನ ಹೆಗಲ ಮೇಲೆ, ಅಜ್ಜಿಯ ತೊಡೆಯ ಮೇಲೆ, ಕೈಯಲ್ಲಿ ಬೆಂಡು-ಬೆತ್ತಾಸಿನ ಪೊಟ್ಟಣ ಹಿಡಿದು, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ ಈ ಸೀಮೆಯ ಮಕ್ಕಳು ಮೊದಲ ನಾಟಕ ನೋಡಿರುತ್ತಾರೆ.

ನಾಟಕ ಬರೆದವರೂ ಈ ನೆಲದಲ್ಲೇ ಹುಟ್ಟಿದ್ದಾರೆ. ‘ರಕ್ತರಾತ್ರಿ’ ಬರೆದು ಕರ್ನಾಟಕದ ಷೇಕ್ಸ್‌ಪಿಯರ್ ಎನ್ನಿಸಿಕೊಂಡ ಕಂದಗಲ್ಲ ಹನುಮಂತರಾಯರ ಊರು ಹುನಗುಂದ ಸೀಮೆಯ ಕಂದಗಲ್ಲ. ವಿಜಯಪುರದ ರಂಗಮಂದಿರ ಇಂದಿಗೂ ಅವರ ಹೆಸರಿನಲ್ಲಿದೆ. ಅದೇ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರು ಬರೆದ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ಬಯಲಾಟ ಅಕಾಡೆಮಿಯ ಕಚೇರಿ ಇರುವುದೂ ಬಾಗಲಕೋಟೆಯಲ್ಲಿ. ಶ್ರೀಕೃಷ್ಣ ಪಾರಿಜಾತ, ದೊಡ್ಡಾಟ, ಸಣ್ಣಾಟ ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೋಳಿ ಬಂತೆಂದರೆ ಬಾಗಲಕೋಟೆ ಊರೇ ರಂಗವಾಗುತ್ತದೆ: ಹಲಗಿಯ ಸದ್ದು, ಬಣ್ಣದ ಬಂಡಿ, ಸೋಗಿನ ಬಂಡಿ.

ಹೀಗಿರುವಾಗ ಮಕ್ಕಳ ರಂಗ ಶಿಬಿರವೆಂದು ಬ್ಯಾಗು ಹೆಗಲಿಗೇರಿಸಿ, ಕೆಂಪು ಬಸ್ಸಿನಿಂದ ಇಳಿಯುವ ನಮ್ಮಂಥವರು ಇಲ್ಲಿ ಕಲಿಸುವುದೇನು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಶಿಬಿರ ಮಾಡುವವರು ಬಹಳ. ನನಗೆ ಕಂಡ ಉತ್ತರ ಇದು. ಈ ಮಕ್ಕಳು ನಾಟಕ ನೋಡಿದ್ದಾರೆ, ಆಡಿಲ್ಲ. ಶಾಲೆಯಲ್ಲಿ ಆಡುವ ಅವಕಾಶ ಸಿಗುವುದು ವರ್ಷಕ್ಕೊಮ್ಮೆ ಗ್ಯಾದರಿಂಗಿನಲ್ಲಿ. ಅಲ್ಲಿ ಸಿನಿಮಾ ಹಾಡಿಗೆ ಕುಣಿತ, ಮೊದಲೇ ರೆಕಾರ್ಡ್ ಮಾಡಿಟ್ಟ ಸಂಭಾಷಣೆಗೆ ತುಟಿ ಆಡಿಸುವ ಕೆಲಸ. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷಕ್ಕೆ ಬಹುಮಾನವಿದೆ. ಎರಡನೇ ತರಗತಿಯ ಮಗು ರಾಣಿ ಚನ್ನಮ್ಮನಾಗಿ ಬಂದು, ಯಾರೋ ಬರೆದುಕೊಟ್ಟ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿ ಕೆಳಗಿಳಿಯುತ್ತದೆ. ಆ ಮಗು ಏನು ಯೋಚಿಸಿತು, ಕತ್ತಿ ಹಿಡಿದಾಗ ಅದಕ್ಕೆ ಏನನ್ನಿಸಿತು ಎಂದು ಕೇಳುವವರಿಲ್ಲ. ಕೇಳುವುದಷ್ಟೇ ಶಿಬಿರದ ಕೆಲಸ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಕಂಪನಿಯ ಹುಡುಗರು, ಶಿಬಿರದ ಮಕ್ಕಳು

ಊರೂರು ತಿರುಗುತ್ತ ಮಕ್ಕಳಿಗೆ ನಾಟಕ ಕಲಿಸುವುದು ಹೊಸ ಸಂಗತಿಯಲ್ಲ. ಉತ್ತರ ಕರ್ನಾಟಕದ ಕಂಪನಿಗಳು ಹುಡುಗರನ್ನು ಸೇರಿಸಿಕೊಂಡೇ ಬೆಳೆದವು. ಮಲ್ಲಿಕಾರ್ಜುನ ಮನ್ಸೂರರು ಬಾಲಕನಾಗಿ ವಾಮನರಾವ್ ಮಾಸ್ತರರ ಕಂಪನಿ ಸೇರಿದ್ದರು. ಏಣಗಿ ಬಾಳಪ್ಪನವರೂ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯಲ್ಲಿ ಅಂಧ ಕಲಾವಿದರು ಪಾತ್ರ ವಹಿಸುತ್ತಿದ್ದರು. ದಕ್ಷಿಣದಲ್ಲಿ ಮಂಚಿಯ ಹುಡುಗ ಬಿ.ವಿ. ಕಾರಂತ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ. ಕಂಪನಿ ಅಂದರೆ ಊಟ, ಪಾಠ, ಸಂಗೀತ, ತಾಲೀಮು, ಏಟು ಎಲ್ಲವೂ ಒಂದೇ ಸೂರಿನಡಿ. ಆ ಕಠಿಣ ತಾಲೀಮಿನಿಂದ ದೊಡ್ಡ ಕಲಾವಿದರು ಬಂದರು ನಿಜ. ಆದರೆ ಶಾಲೆಯ ಮುಖ ಕಾಣದೆ, ಪಾರ್ಟು ತಪ್ಪಿದಾಗ ಪೆಟ್ಟು ತಿಂದು, ಹೆಸರೂ ಉಳಿಯದೆ ಹೋದ ಹುಡುಗರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಅದೇ ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಈ ನಡುವೆ ಮಕ್ಕಳ ನಾಟಕಕ್ಕೆ ಅವರು ಕೊಟ್ಟ ಮನಸ್ಸನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ. ಟಾಗೋರರ ಗಿಳಿಯ ಕಥೆಯನ್ನು ಅವರು ‘ಪಂಜರಶಾಲೆ’ಯಾಗಿಸಿದರು. ವಿದ್ಯೆ ಕಲಿಸುತ್ತೇವೆಂದು ಪುಸ್ತಕದ ಹಾಳೆಗಳನ್ನೇ ತುರುಕಿ ತುರುಕಿ ಗಿಳಿಯನ್ನು ಕೊಲ್ಲುವ ಕಥೆ ಅದು. ಕಂಪನಿಯಲ್ಲಿ ಬಾಲನಟನಾಗಿದ್ದ ಮನುಷ್ಯನೇ ಆ ಕಥೆಯನ್ನು ಆರಿಸಿಕೊಂಡದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿ ಮಕ್ಕಳನ್ನೇ ಕಲಾವಿದರಾಗಿ ಗೌರವಿಸಿದರು. ವೈದೇಹಿ ಅವರು ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ‘ಧಾಂ ಧೂಂ ಸುಂಟರಗಾಳಿ’ಯಾಗಿಸಿ ಚಿಣ್ಣರ ಬಾಯಿಗೆ ತಂದರು. ಕಂಬಾರರು ‘ಕಿಟ್ಟಿಯ ಕಥೆ’ ಬರೆದರು. ಅವರಿಗಿಂತ ಬಹಳ ಹಿಂದೆಯೇ ಕುವೆಂಪು ‘ಮೋಡಣ್ಣನ ತಮ್ಮ’ ಬರೆದಿದ್ದರು.

ತಿರುಗಾಟದ ದಾರಿಯೂ ಸಿದ್ಧವಾಗಿತ್ತು. 1985ರಲ್ಲಿ ಹೆಗ್ಗೋಡಿನಿಂದ ನೀನಾಸಮ್ ತಿರುಗಾಟ ಹೊರಟಿತು. 1997ರಲ್ಲಿ ಸಾಣೇಹಳ್ಳಿಯ ಶಿವಸಂಚಾರ ಹೊರಟಿತು. ಈ ಬಗೆಯ ತಂಡಗಳಲ್ಲಿ ಪಳಗಿದವರು ಆಮೇಲೆ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಶಾಲೆಗಳತ್ತ ನಡೆದರು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ‘ಕಲಿ-ಕಲಿಸು’ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರನ್ನೇ ಕಲೆಯ ಕೆಲಸಕ್ಕೆ ಹಚ್ಚಿತು. ಇಂಗ್ಲೆಂಡಿನ ಕಾವೆಂಟ್ರಿ ನಗರದ ಬೆಲ್‌ಗ್ರೇಡ್ ಥಿಯೇಟರಿನವರು 1965ರಲ್ಲಿ ನಟ-ಶಿಕ್ಷಕರ ತಂಡವನ್ನು ಶಾಲೆಗಳಿಗೆ ಕಳಿಸಿದ್ದನ್ನು ಶಿಕ್ಷಣ ರಂಗಭೂಮಿಯ ಆರಂಭ ಎನ್ನುತ್ತಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಂಥದೊಂದು ಪ್ರತ್ಯೇಕ ತಂಡ ಹುಟ್ಟಿದ್ದು 1989ರಲ್ಲಿ. ಆ ಪದ್ಧತಿಯಿಂದ ಕಲಿಯುವುದು ಬಹಳವಿದೆ. ಆದರೆ ಇಳಕಲ್ಲಿನ ಮಗುವಿಗೆ ಇಳಕಲ್ಲೇ ಪಠ್ಯ.

ಹಲಗಿಯಿಂದ ಶುರು

ನಮ್ಮ ಶಿಬಿರ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಸುತ್ತಿತು. ಬಾಗಲಕೋಟೆಯ ನವನಗರದ ಶಾಲೆಯಲ್ಲಿ ಮೊದಲ ದಿನ ನಮ್ಮ ಎದುರಿಗೆ ಸಾಲಾಗಿ ಕೂತ ಮಕ್ಕಳು ಒಂದರಿಂದ ನಾಲ್ಕನೇ ತರಗತಿಯವರು. ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂತಿರುತ್ತಾರೆ. ಆ ಬೆರಳು ತೆಗೆಸಲು ಭಾಷಣದಿಂದ ಆಗುವುದಿಲ್ಲ. ಒಂದು ಹಲಗಿ ತೆಗೆದು ಹೋಳಿಯ ಗತ್ತಿನಲ್ಲಿ ಎರಡು ಪೆಟ್ಟು ಬಾರಿಸಿದರೆ ಸಾಕು, ಹಿಂದಿನ ಸಾಲಿನಿಂದ ಮೂರನೆಯ ಪೆಟ್ಟು ತೊಡೆಯ ಮೇಲೆ ಬೀಳುತ್ತದೆ. ಆಮೇಲೆ ಸಾಲು ಹೋಗಿ ಸುತ್ತು ಆಗುತ್ತದೆ. ಹೆಸರು ಹೇಳುವುದೂ ಹಲಗಿಯ ಲಯಕ್ಕೆ, ಹೆಸರಿನ ಜೊತೆಗೊಂದು ಚೇಷ್ಟೆ. ಎಲ್ಲರೂ ಆ ಚೇಷ್ಟೆಯನ್ನು ಹಿಂತಿರುಗಿಸಬೇಕು. ತನ್ನ ಚೇಷ್ಟೆಯನ್ನು ಇಡೀ ಸುತ್ತು ತನಗೇ ಮಾಡಿ ತೋರಿಸಿದಾಗ ಆರು ವರ್ಷದ ಮಗುವಿನ ಮುಖ ನೋಡಬೇಕು. ಶಾಲೆಯಲ್ಲಿ ಮಗು ದೊಡ್ಡವರನ್ನು ಅನುಕರಿಸುವುದೇ ಪದ್ಧತಿ, ಇಲ್ಲಿ ಮಾಸ್ತರನೂ ಮಗುವನ್ನು ಅನುಕರಿಸುತ್ತಾನೆ.

ಬಾಗಲಕೋಟೆಯ ಮಕ್ಕಳ ಹತ್ತಿರ ಇನ್ನೊಂದು ಕಥೆಯಿದೆ, ಅದು ಅವರದಲ್ಲ, ಅಜ್ಜ-ಅಜ್ಜಿಯರದು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಿ, ನವನಗರ ಎದ್ದ ಕಥೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರೆ ಮರುದಿನ ಮಕ್ಕಳು ಓಣಿಯ ಹೆಸರು, ಬಾವಿ, ಕಟ್ಟೆ, ಬೇವಿನ ಮರ ಹೊತ್ತುಕೊಂಡು ಬರುತ್ತಾರೆ. ನೀವು ಎಲ್ಲಿರುತ್ತೀರಿ ಎಂದು ಕೇಳಿದರೆ ಸೆಕ್ಟರ್ ನಂಬರ್ ಹೇಳುವ ಮಗು ಆಟದಲ್ಲಿ ಓಣಿ ಕಟ್ಟುತ್ತದೆ. ಚಿಕ್ಕವರಿಗೆ ಇಷ್ಟೇ ಸಾಕು. ಪುನರ್ವಸತಿಯ ಮೇಲೆ ನಾಟಕ ಮಾಡಿಸುತ್ತೇನೆಂದು ಹೊರಟರೆ ಅದು ದೊಡ್ಡವರ ನಾಟಕವಾಗುತ್ತದೆ.

ಕಂಬಳಿಯೊಳಗಿನ ವಾತಾಪಿ

ಬಾದಾಮಿಯಲ್ಲಿ ಬೆಳಿಗ್ಗೆಯೇ ಮಕ್ಕಳನ್ನು ಮೇಣಬಸದಿಗೆ, ಅಂದರೆ ಗುಹೆಗಳಿಗೆ, ಕರೆದುಕೊಂಡು ಹೋಗುವುದು ವಾಡಿಕೆ. ಹೊರಗಿನಿಂದ ಬಂದವರೆಲ್ಲ ಮೊದಲ ಗುಹೆಯ ಹದಿನೆಂಟು ತೋಳಿನ ನಟರಾಜನ ಎದುರು ನಿಲ್ಲುತ್ತಾರೆ. ಮಕ್ಕಳು ಅಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಅವರ ಕಣ್ಣು ಬೀಳುವುದು ಕೆಳಗೆ, ಜಗಲಿಯ ಪಟ್ಟಿಕೆಯ ಮೇಲೆ ಸಾಲಾಗಿ ಕೆತ್ತಿದ ಕುಬ್ಜ ಗಣಗಳ ಮೇಲೆ. ಡೊಳ್ಳು ಹೊಟ್ಟೆ, ಗುಂಡು ಮುಖ. ಒಬ್ಬ ಕುಣಿಯುತ್ತಿದ್ದರೆ ಇನ್ನೊಬ್ಬ ಬಾರಿಸುತ್ತಾನೆ, ಮತ್ತೊಬ್ಬ ಸುಮ್ಮನೆ ಕೈಕಾಲು ಚಾಚಿದ್ದಾನೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ ಎಂದು ನಾವು ಹೇಳುತ್ತೇವೆ, ಅವರು ಗಣಗಳನ್ನು ಎಣಿಸುತ್ತಿರುತ್ತಾರೆ. ಎಣಿಸಲಿ. ಸಾವಿರದ ನಾನೂರು ವರ್ಷಗಳ ಹಿಂದಿನ ಶಿಲ್ಪಿ ಮಕ್ಕಳ ಎತ್ತರಕ್ಕೆ ಸರಿಯಾಗಿ ಇವರನ್ನು ಕೂರಿಸಿಟ್ಟಿದ್ದಾನೆ. ಯಾವುದನ್ನೂ ಮುಟ್ಟದೆ, ಏರದೆ ನೋಡಿ, ಶಾಲೆಗೆ ಮರಳಿದ ಮೇಲೆ ಆಟ ಶುರು: ಸ್ಟ್ಯಾಚ್ಯೂ ಎಂದರೆ ಗಣವಾಗಬೇಕು, ಹಲಗಿ ಬಡಿದರೆ ಜೀವ ಬರಬೇಕು. ದೇಹ ನಿಲ್ಲಿಸುವುದು, ತೂಕ ಒಂದು ಕಾಲಿಗೆ ಹಾಕುವುದು, ಪಕ್ಕದವನಿಗೆ ತಾಗದೆ ಕುಣಿಯುವುದು, ಇವನ್ನೆಲ್ಲ ಮಾತಿನಲ್ಲಿ ಕಲಿಸಹೋದರೆ ಎಷ್ಟೋ ದಿನ ಬೇಕು.

ವಾತಾಪಿಯ ಕಥೆ ಬಾದಾಮಿಯ ಮಕ್ಕಳಿಗೆ ಗೊತ್ತೇ ಇರುತ್ತದೆ. ಊರಿನ ಹಳೆಯ ಹೆಸರೇ ಅದು, ಕೆರೆಗೆ ಅಗಸ್ತ್ಯನ ಹೆಸರು. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿ, ಬಂದವರಿಗೆ ಬಡಿಸಿ, ಆಮೇಲೆ ಹೊರಗೆ ಕರೆಯುತ್ತಾನೆ. ವಾತಾಪಿ ಉಂಡವರ ಹೊಟ್ಟೆ ಸೀಳಿ ಬರುತ್ತಾನೆ. ಅಗಸ್ತ್ಯ ಮಾತ್ರ ‘ವಾತಾಪಿ ಜೀರ್ಣೋ ಭವ’ ಎಂದು ಹೊಟ್ಟೆ ಸವರಿಕೊಂಡು ಅರಗಿಸಿಬಿಡುತ್ತಾನೆ. ಕೂಸಿಗೆ ಹಾಲು ಕುಡಿಸಿದ ಮೇಲೆ ಹೊಟ್ಟೆ ನೀವುತ್ತ ಅಜ್ಜಿಯರು ಹೇಳುವ ಮಾತೂ ಅದೇ ಆದ್ದರಿಂದ ಕಥೆ ಮನೆಮನೆಯದು.

ಇದನ್ನು ಆಡಿ ತೋರಿಸಿ ಎಂದು ಮಕ್ಕಳಿಗೆ ಬಿಟ್ಟೆವು. ಮಾತು ಬರೆದುಕೊಡಲಿಲ್ಲ. ಮೊದಲ ಸಮಸ್ಯೆ: ಹೊಟ್ಟೆಯೊಳಗೆ ಹೋಗುವುದು ಹೇಗೆ? ಒಬ್ಬ ಹುಡುಗ ಮನೆಯಿಂದ ಕಂಬಳಿ ತಂದ. ಅಗಸ್ತ್ಯನಾದವನು ಮುಂದೆ ಕೂತ, ಅವನ ಬೆನ್ನ ಹಿಂದೆ ನಾಲ್ವರು ಕಂಬಳಿ ಹಿಡಿದು ಹೊಟ್ಟೆಯಾದರು. ಟಗರು ನಾಲ್ಕು ಕಾಲಿನಲ್ಲಿ ನಡೆದು ಬಂದು, ಒಮ್ಮೆ ಗುಮ್ಮಿ, ಕಂಬಳಿಯೊಳಗೆ ನುಸುಳಿತು. “ತಮ್ಮಾ ವಾತಾಪಿ, ಹೊರಗ ಬಾರೋ!” ಎಂದು ಇಲ್ವಲ ಕೂಗಿದ. ಕಂಬಳಿ ಅಲುಗಾಡಿತು. ಅಗಸ್ತ್ಯ ಹೊಟ್ಟೆ ಸವರಿಕೊಂಡ. ಅಷ್ಟರಲ್ಲಿ ಒಳಗಿನಿಂದ ದನಿ ಬಂತು: “ನಾ ಯಾಕ್ ಸಾಯ್ಬೇಕ್ರೀ? ಅಡಗಿ ಮಾಡಿದಾಂವ ಅಂವ, ನಾ ಬರೇ ಟಗರ ಆಗೀನಿ.”

ಎಲ್ಲರೂ ನಿಂತೇಬಿಟ್ಟರು. ಅಗಸ್ತ್ಯನಾಗಿದ್ದ ಹುಡುಗ ನಮ್ಮ ಮುಖ ನೋಡಿದ. ನಾವು ಏನೂ ಹೇಳಲಿಲ್ಲ. ಕಂಬಳಿ ಹಿಡಿದಿದ್ದ ಹುಡುಗಿಯೊಬ್ಬಳು ಹೊಟ್ಟೆಯ ಪರವಾಗಿ ಮಾತಾಡತೊಡಗಿದಳು: “ಇನ್ನ ಮ್ಯಾಲೆ ಮಂದೀನ್ನ ಕೊಲ್ಲಂಗಿಲ್ಲ ಅಂತ ಆಣಿ ಮಾಡು, ಬಿಡ್ತೀವಿ.” ವಾತಾಪಿ ಆಣೆ ಮಾಡಿದ. ಅಗಸ್ತ್ಯ ದೊಡ್ಡದಾಗಿ ತೇಗಿದ. ಕಂಬಳಿ ಬಿಚ್ಚಿ ವಾತಾಪಿ ಎದ್ದು ಬಂದ. ಅಣ್ಣ-ತಮ್ಮ ಇಬ್ಬರೂ ಸೇರಿ ಅಗಸ್ತ್ಯನಿಗೆ ರೊಟ್ಟಿ ಪುಂಡಿಪಲ್ಲೆ ಬಡಿಸಿದರು.

ನೋಡುತ್ತಿದ್ದ ಶಿಕ್ಷಕರೊಬ್ಬರಿಗೆ ಇದು ಸರಿಬರಲಿಲ್ಲ. ಪುರಾಣ ಹಾಗಿಲ್ಲವಲ್ಲ, ಮಕ್ಕಳು ತಪ್ಪು ಕಲಿಯುತ್ತಾರಲ್ಲ ಎಂದರು. ಅವರ ಆತಂಕವನ್ನು ನಾನು ಹಗುರಾಗಿ ನೋಡುವುದಿಲ್ಲ. ಮೂಲ ಕಥೆ ಗೊತ್ತಿಲ್ಲದೆ ತಿರುಚುವುದು ಒಂದು, ಗೊತ್ತಿದ್ದು ಅದಕ್ಕೊಂದು ಪ್ರಶ್ನೆ ಹಾಕುವುದು ಇನ್ನೊಂದು. ಆ ಮಕ್ಕಳು ಕಥೆಯನ್ನು ಚೆನ್ನಾಗಿ ಬಲ್ಲವರು. ಅಣ್ಣ ಮಾಡಿದ ತಪ್ಪಿಗೆ ತಮ್ಮನಿಗೆ ಶಿಕ್ಷೆ ಏಕೆ ಎಂಬುದು ಮನೆಯಲ್ಲಿ ಅಣ್ಣನ ಕೈಯಲ್ಲಿ ದಿನಾ ಸಿಕ್ಕಿಕೊಳ್ಳುವ ಹುಡುಗನಿಗೆ ಸಹಜವಾಗಿ ಹೊಳೆಯುವ ಮಾತು. ಕುವೆಂಪು ಕಿಂದರಿಜೋಗಿಯನ್ನು ಜರ್ಮನಿಯಿಂದ ಬೊಮ್ಮನಹಳ್ಳಿಗೆ ತಂದರು, ಕಂದಗಲ್ಲರು ಮಹಾಭಾರತವನ್ನು ತಮ್ಮ ಕಣ್ಣಿನಿಂದ ನೋಡಿದರು. ಅದೇ ಹಕ್ಕಿನ ಚಿಕ್ಕದೊಂದು ಪಾಲು ಮೂರನೇ ತರಗತಿಯ ಹುಡುಗನಿಗೂ ಇದೆ.

ಗಂಟಿನಲ್ಲಿ ಏನೇನು ಕಟ್ಟುತ್ತೀರಿ?

ಹುನಗುಂದಕ್ಕೆ ಬಂದರೆ ನೆಲ, ಬಿಸಿಲು, ಮಾತು ಎಲ್ಲವೂ ಇನ್ನಷ್ಟು ಖಡಕ್ಕು. ಬೇಸಿಗೆ ಶಿಬಿರವೆಂದರೆ ಏಪ್ರಿಲ್-ಮೇ. ಅದೇ ಹೊತ್ತಿಗೆ ಬಡ ಕುಟುಂಬಗಳು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೊರಡುತ್ತವೆ. ಶುರುವಿನಲ್ಲಿ ಇದ್ದ ಮಗು ನಡುವೆಯೇ ಇಲ್ಲವಾಗುತ್ತದೆ. ಪೇಟೆಯ ಶಿಬಿರಗಳಲ್ಲಿ ಹಾಜರಿಯ ಮೇಲೆ ಪಾತ್ರ ಹಂಚುತ್ತಾರೆ, ಇಲ್ಲಿ ಹಾಗೆ ಹಂಚಿದರೆ ನಾಟಕ ನಿಲ್ಲುತ್ತದೆ. ಆದ್ದರಿಂದ ಯಾವ ಪಾತ್ರವೂ ಒಬ್ಬರದೇ ಆಗದಂತೆ ಕಟ್ಟಿಕೊಳ್ಳಬೇಕು: ಇವತ್ತಿನ ರಾಜ ನಾಳೆ ಮರ, ನಾಳೆಯ ಮರ ನಾಡಿದ್ದು ರಾಜ. ಅನಿವಾರ್ಯಕ್ಕೆ ಹುಟ್ಟಿದ ಈ ಕ್ರಮ ಎಲ್ಲ ಊರುಗಳಿಗೂ ಒಳ್ಳೆಯದೇ. ‘ಹೀರೋ ಪಾರ್ಟು ಯಾರಿಗೆ’ ಎಂಬ ಜಗಳ, ಮತ್ತು ಆ ಜಗಳಕ್ಕೆ ಬರುವ ತಂದೆತಾಯಿಗಳು, ಎರಡೂ ತಪ್ಪುತ್ತವೆ.

ಇಲ್ಲದ ವಸ್ತುವನ್ನು ಇರುವಂತೆ ಹಿಡಿಯುವುದು ನಟನೆಯ ಮೊದಲ ಪಾಠಗಳಲ್ಲಿ ಒಂದು. ಹುನಗುಂದದಲ್ಲಿ ಅದಕ್ಕೆ ಗಂಟು ಕಟ್ಟುವ ಆಟ. ಊರು ಬಿಟ್ಟು ಹೋಗುವಾಗ ಏನೇನು ಕಟ್ಟಿಕೊಳ್ಳುತ್ತೀರಿ? ಒಂದೊಂದನ್ನೇ ಎತ್ತಿ, ತೂಗಿ, ಮಡಚಿ ಇಡಬೇಕು. ನೋಡುವವರು ಅದೇನೆಂದು ಹೇಳಬೇಕು. ಹಂಚು, ಹಾಸಿಗೆ, ಚಾರ್ಜರು ಬಂದವು. ಒಬ್ಬ ಹುಡುಗ ಕೋಳಿ ಹಿಡಿಯಲು ಇಡೀ ಕೋಣೆ ಓಡಾಡಿ, ಕೊನೆಗೆ ಹಿಡಿದು, ಗಂಟಿನಲ್ಲಿಟ್ಟು, ಮತ್ತೆ ಹೊರಗೆ ಬಿಟ್ಟ. ಬಸ್ಸಿನಲ್ಲಿ ಅದಕ್ಕೆ ಟಿಕೆಟ್ ಕೇಳುತ್ತಾರಂತೆ. ಒಬ್ಬ ಹುಡುಗಿ ಯಾವುದೋ ದೊಡ್ಡ ವಸ್ತುವನ್ನು ಎರಡೂ ಕೈಯಿಂದ ಹಿಡಿದು ಗಂಟಿನ ಪಕ್ಕ ಬಹಳ ಹೊತ್ತು ನಿಂತಳು. ಅದೇನೆಂದು ಯಾರಿಗೂ ತಿಳಿಯಲಿಲ್ಲ. “ನಮ್ಮ ಆಯಿ,” ಎಂದಳು. “ಗಂಟಿನ್ಯಾಗ ಹಿಡಿಸವಲ್ಲಳ್ರೀ.”

ಇಂಥ ಕ್ಷಣ ಸಿಕ್ಕಾಗ ರಂಗದವರಿಗೆ ಆಸೆ ಹುಟ್ಟುತ್ತದೆ. ಇದನ್ನೇ ಕೊನೆಯ ದಿನ ವೇದಿಕೆಯ ಮೇಲೆ ಇಟ್ಟರೆ ಊರೆಲ್ಲ ಕಣ್ಣೀರು ಹಾಕುತ್ತದೆ. ಇಡಬಾರದು. ಮಗುವಿನ ನೋವು ನಮ್ಮ ಪ್ರದರ್ಶನದ ಸರಕಲ್ಲ. ಆ ಆಟ ಕೋಣೆಯ ಒಳಗೇ ಮುಗಿಯಬೇಕು, ಮುಗಿದ ಮೇಲೆ ಎಲ್ಲರೂ ಸೇರಿ ಗಂಟು ಬಿಚ್ಚಿ, ಒಂದೊಂದೇ ವಸ್ತುವನ್ನು ಮನೆಯಲ್ಲಿ ವಾಪಸು ಇಟ್ಟು, ನಕ್ಕು ಎದ್ದು ಹೋಗಬೇಕು. ಅವತ್ತು ಆಯಿಯನ್ನು ಕಟ್ಟೆಯ ಮೇಲೆ ಕೂರಿಸಲು ಇಡೀ ಸುತ್ತು ಎದ್ದು ಬಂತು.

ಇಲ್ಲಿಯ ಮಕ್ಕಳ ಮಾತಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವೇದಿಕೆ ಹತ್ತಿದ ಕೂಡಲೇ ಮಕ್ಕಳು ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ, ದನಿ ಏರಿಸಿ ಒದರುತ್ತಾರೆ. ‘ಜೋರಾಗಿ ಹೇಳು’ ಎಂಬ ಆಜ್ಞೆಯನ್ನು ಅಷ್ಟು ಸಲ ಕೇಳಿರುತ್ತಾರೆ. ಹಾಗೆಂದು ಪುಸ್ತಕದ ಕನ್ನಡವನ್ನು ಪೂರ್ತಿ ಬಿಡಿಸಬೇಕೆಂಬ ವಾದವೂ ಅರೆಬರೆ. ಕಂದಗಲ್ಲರ ಪ್ರಾಸಬದ್ಧ ಗದ್ಯವನ್ನು ಬಾಯಿಪಾಠ ಹೇಳುವ ಅಜ್ಜಂದಿರ ನಡುವೆ ಬೆಳೆಯುವ ಮಕ್ಕಳಿಗೆ ಆ ಗತ್ತು ಪ್ರೀತಿಯದು. ದಾರಿ ತೋರಿಸುವುದು ಪಾರಿಜಾತ. ಅಲ್ಲಿ ಕೃಷ್ಣ-ರುಕ್ಮಿಣಿಯರ ಎದುರು ಭಾಗವತನೂ ದೂತಿಯೂ ಊರಿನ ಮಾತಿನಲ್ಲೇ ಚೇಷ್ಟೆ ಮಾಡುತ್ತಾರೆ. ಹಾಗೆಯೇ ಇಲ್ಲೂ ರಾಜ ಗತ್ತಿನಿಂದ ಮಾತಾಡಲಿ, ಸೇವಕ “ಹೌದ್ರೀ ಯಪ್ಪಾ, ನೀವ್ ಹೇಳಿದ್ದ ಖರೆ” ಎನ್ನಲಿ. ಎರಡೂ ಕನ್ನಡ ಒಂದೇ ನಾಲಿಗೆಯಲ್ಲಿ ಇರುವುದು ಈ ಮಕ್ಕಳ ಬಲ. ದನಿಗೆ ನಾವು ಹೇಳುವುದು ಒಂದೇ ಉಪಾಯ: ಮೈದಾನದ ಆ ತುದಿಯಲ್ಲಿ ನಿಂತಿರುವ ಗೆಳೆಯನಿಗೆ ಕೇಳುವಂತೆ ಮಾತಾಡು. ಕಿರಿಚುವುದು ತಾನಾಗಿ ನಿಂತು, ಕರೆಯುವುದು ಬರುತ್ತದೆ.

ಇಳಕಲ್ಲಿನ ಮಗ್ಗ

ಹುನಗುಂದದಿಂದ ಇಳಕಲ್ಲಿಗೆ ಅರ್ಧ ತಾಸಿನ ದಾರಿ. ಓಣಿಗೆ ಕಾಲಿಟ್ಟರೆ ಸದ್ದು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಜೋಡಿಸುವ ‘ತೋಪ ತೆನಿ’ ವಿಧಾನವೇ ಅದರ ಗುರುತು. ಇದು ಮಕ್ಕಳಿಗೆ ಹೇಳಿಕೊಡುವ ಮಾತಲ್ಲ, ಅವರಿಂದ ನಾವು ಕಲಿತದ್ದು.

ಆಟ ಹೀಗೆ. ಮಕ್ಕಳು ಸಾಲಾಗಿ ನಿಂತು ಹಾಸಿನ ಎಳೆಗಳಾಗುತ್ತಾರೆ. ನೇಕಾರನಾದವನು ಕಾಲು ತುಳಿದರೆ ಬೆಸ ಎಳೆಗಳು ಕೂರಬೇಕು, ಸಮ ಎಳೆಗಳು ನಿಲ್ಲಬೇಕು. ಮತ್ತೆ ತುಳಿದರೆ ಅದಲು ಬದಲು. ನಡುವೆ ತೆರೆದ ದಾರಿಯಲ್ಲಿ ಲಾಳಿಯಾದ ಮಗು ಓಡುತ್ತದೆ. ಅದು ಆಚೆ ಮುಟ್ಟಿದ ಕೂಡಲೇ ಎಲ್ಲರೂ ಒಂದು ಚಪ್ಪಾಳೆ, ಅದು ಹಣಿಗೆಯ ಪೆಟ್ಟು. ಒಂದು ಎಳೆ ಮೈಮರೆತರೆ ಲಾಳಿ ಡಿಕ್ಕಿ ಹೊಡೆದು ಮಗ್ಗ ನಿಲ್ಲುತ್ತದೆ. ಬೈಯಬೇಕಾಗಿಲ್ಲ, ಎಳೆ ಕಡಿಯಿತು ಎಂದು ಅವರೇ ಬಂದು ಗಂಟು ಹಾಕುತ್ತಾರೆ. ಸೆರಗು ಜೋಡಿಸುವ ಹೊತ್ತು ಬಂದಾಗ ನಾವು ಮಕ್ಕಳ ಎರಡು ಗುಂಪು ಮಾಡಿ ಕೈ ಕೈ ಹಿಡಿಸಿದೆವು. ಎರಡು ಜಡೆಯ ಹುಡುಗಿಯೊಬ್ಬಳು ತಡೆದಳು. “ಹಂಗಲ್ರೀ ಸರ್. ಕೊಂಡಿ ಹಾಕ್ಬೇಕು.” ತನ್ನ ಬೆರಳನ್ನು ಗೆಳತಿಯ ಬೆರಳಿಗೆ ಕೊಕ್ಕೆ ಹಾಕಿ ಎಳೆದು ತೋರಿಸಿದಳು. ಅವಳ ತಾಯಿ ಮನೆಯಲ್ಲಿ ದಿನಾ ಮಾಡುವ ಕೆಲಸ ಅದು.

ಆಮೇಲೆ ಜಗಳ. ನಮ್ಮ ಮನೆಯ ಮಗ್ಗ ಹೀಗೆ ಸದ್ದು ಮಾಡುವುದೇ ಇಲ್ಲ ಎಂದ ಒಬ್ಬ ಹುಡುಗ. ಅವನದು ವಿದ್ಯುತ್ ಮಗ್ಗದ ಮನೆ. ಕುಣಿಮಗ್ಗದ ಮನೆಯವರು ಒಂದು ಕಡೆ, ಪವರ್‌ಲೂಮಿನವರು ಇನ್ನೊಂದು ಕಡೆ ನಿಂತು ತಮ್ಮ ತಮ್ಮ ಸದ್ದು ಮಾಡಿದರು. ಒಂದು ನಿಧಾನ, ನಡುವೆ ಉಸಿರಿದೆ. ಇನ್ನೊಂದಕ್ಕೆ ಬಿಡುವೇ ಇಲ್ಲ. ಎರಡೂ ಮಗ್ಗಗಳು ಮಾತಾಡಿದರೆ ಏನು ಹೇಳಬಹುದು ಎಂದು ಕೇಳಿದೆವು. “ನೀ ಕರೆಂಟ್ ಹೋದ್ರ ಸತ್ತಿ” ಎಂದಿತು ಕುಣಿಮಗ್ಗ. “ನೀ ಒಂದ್ ಸೀರಿ ಮುಗಸೂದ್ರಾಗ ನಾ ಸಂತಿ ಮಾಡಿ ಬರ್ತೀನಿ” ಎಂದಿತು ಇನ್ನೊಂದು. ಕೈಮಗ್ಗದ ಬಿಕ್ಕಟ್ಟಿನ ಮೇಲೆ ಎಷ್ಟೋ ವರದಿಗಳು ಬಂದಿವೆ. ಎಂಟು ವರ್ಷದವರು ಆಡಿದ ಆ ಪುಟ್ಟ ನಾಟಕದಲ್ಲಿ ಅದರ ತಿರುಳೆಲ್ಲ ಇತ್ತು. ಗೆದ್ದದ್ದು ಯಾರೆಂದು ಅವರು ತೀರ್ಮಾನಿಸಲಿಲ್ಲ. ಕರೆಂಟ್ ಹೋಯಿತು, ಇಬ್ಬರೂ ಸೇರಿ ಚಹಾ ಕುಡಿದರು, ಆಟ ಮುಗಿಯಿತು.

ಕೊನೆಯ ದಿನದ ಕಾಟ

ಶಿಬಿರವೆಂದರೆ ಕೊನೆಗೊಂದು ಪ್ರದರ್ಶನ ಆಗಲೇಬೇಕೆಂಬ ಒತ್ತಡ ಎಲ್ಲ ಊರುಗಳಲ್ಲೂ ಒಂದೇ. ಹಣ ಕೊಟ್ಟವರಿಗೆ ಫೋಟೊ ಬೇಕು, ಪಾಲಕರಿಗೆ ವಿಡಿಯೊ ಬೇಕು. ಒಂದೂರಿನಲ್ಲಿ ಮಧ್ಯಾಹ್ನವೇ ಬಣ್ಣ ಹಚ್ಚಿಸಿಕೊಂಡ ಮಕ್ಕಳು ಮುಖ್ಯ ಅತಿಥಿಗಳ ದಾರಿ ಕಾಯುತ್ತ ಕತ್ತಲಾಗುವವರೆಗೆ ಕೂತರು. ಆಮೇಲೆ ಸ್ವಾಗತ, ಮಾಲಾರ್ಪಣೆ, ಶಾಲು, ಭಾಷಣಗಳು. ಮುಖ ತುರಿಸಿಕೊಂಡು ಬಣ್ಣ ಕಲಸಿಹೋಗಿ, ಹಸಿವಿನಿಂದ ಸೊರಗಿ, ಒಂದನೇ ತರಗತಿಯ ಮೂವರು ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಿ ವೇದಿಕೆಗೆ ಹತ್ತಿಸಿ ಎಂದರು. ಹತ್ತಿಸಲಿಲ್ಲ. ಉಳಿದವರು ಆಡಿದರು. ಮಕ್ಕಳ ನಾಟಕದಲ್ಲಿ ಮುಖ್ಯ ಅತಿಥಿಗಳೆಂದರೆ ಮಕ್ಕಳೇ ಎಂಬುದು ಸಂಘಟಕರಿಗೆ ತಿಳಿಯುವ ತನಕ ಶಿಬಿರಗಳು ಉದ್ಧಾರವಾಗುವುದಿಲ್ಲ.

ಏಳೆಂಟು ವರ್ಷದೊಳಗಿನವರಿಗೆ ವೇದಿಕೆಯೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಗಲು ಹೊತ್ತಿನಲ್ಲಿ, ಶಾಲೆಯ ಅಂಗಳದಲ್ಲಿ, ಮೈಕಿಲ್ಲದೆ, ಅಪ್ಪ-ಅವ್ವ ಸುತ್ತ ನೆಲದ ಮೇಲೆ ಕೂತಿರಲಿ, ಅವರ ಮುಂದೆ ಮಕ್ಕಳು ದಿನಾ ಆಡಿದ್ದನ್ನೇ ಆಡಲಿ. ಸಾಧ್ಯವಾದರೆ ಪಾಲಕರೂ ಎದ್ದು ಮಗ್ಗದ ಎಳೆಗಳಾಗಲಿ. ಬಣ್ಣ ಬೇಡ, ಬಾಡಿಗೆ ಕಿರೀಟ ಬೇಡ.

ಬಸ್ಸು ಹತ್ತಿದ ಮೇಲೆ

ತಿರುಗಾಟದ ಶಿಬಿರಕ್ಕೆ ಒಂದು ದೊಡ್ಡ ಮಿತಿಯಿದೆ. ನಾವು ಬರುತ್ತೇವೆ, ಮಕ್ಕಳನ್ನು ಕುಣಿಸುತ್ತೇವೆ, ಹೋಗುತ್ತೇವೆ. ಮರುದಿನ ಆ ಮಕ್ಕಳು ಮತ್ತೆ ಬಾಯಿ ಮೇಲೆ ಬೆರಳಿಟ್ಟು ಕೂರುತ್ತಾರೆ. ಆದ್ದರಿಂದ ಶಿಬಿರದಲ್ಲಿ ನಮ್ಮ ಕಣ್ಣು ಮಕ್ಕಳ ಮೇಲೆ ಎಷ್ಟಿರಬೇಕೋ ಅಷ್ಟೇ ಶಿಕ್ಷಕರ ಮೇಲೂ ಇರಬೇಕು. ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಅಕ್ಕೋರು ಅಥವಾ ಸರ್ ಬಾಗಿಲ ಹತ್ತಿರ ನಿಂತು, ಯಾರೂ ನೋಡುತ್ತಿಲ್ಲವೆಂದು ತಾವೂ ಹಲಗಿಗೆ ಕಾಲು ಹಾಕುತ್ತಿರುತ್ತಾರೆ. ಅವರನ್ನು ಸುತ್ತಿನೊಳಗೆ ಎಳೆದುಕೊಳ್ಳಬೇಕು. ಒಂದು ಆಟವನ್ನು ಅವರೇ ನಡೆಸುವಂತೆ ಮಾಡಬೇಕು. ನಲಿ-ಕಲಿ ತರಗತಿ ನಡೆಸುವವರಿಗೆ ಇದು ಕಷ್ಟವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆ ಪದ್ಧತಿಯನ್ನು ಕಟ್ಟಿದ್ದರಲ್ಲಿ ಶಾಲಾ ಶಿಕ್ಷಕರ ಕೈಯೇ ದೊಡ್ಡದು.

ಸರ್ಕಾರದ ಕಾಗದಗಳಲ್ಲಿ ನಾಟಕಕ್ಕೆ ಜಾಗವಿಲ್ಲ ಎನ್ನುವಂತಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಗಳ ಜೊತೆ ನಾಟಕವೂ ಕಲಿಕೆಯ ಭಾಗವಾಗಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಇರಲಿ ಎಂದಿತು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ, ಚೆನ್ನಾಗಿಯೂ ಕೆಲಸ ಮಾಡುತ್ತಿದ್ದಾರೆ. ಆದರೆ ಆಟದ ವಯಸ್ಸಿನ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳ ಹತ್ತಿರ ಅವರು ಸುಳಿಯುವ ವ್ಯವಸ್ಥೆಯಿಲ್ಲ. ಕಂದಗಲ್ಲರನ್ನು, ಧುತ್ತರಗಿಯವರನ್ನು ಕೊಟ್ಟ ಜಿಲ್ಲೆಯಲ್ಲಿ ತಾಲ್ಲೂಕಿಗೊಬ್ಬ ಸಂಚಾರಿ ನಾಟಕ ಶಿಕ್ಷಕರನ್ನು ನೇಮಿಸಿದರೆ ಖಜಾನೆ ಬರಿದಾಗುವುದಿಲ್ಲ. ಬಯಲಾಟ ಅಕಾಡೆಮಿಯೂ ಪಾರಿಜಾತದ ಹಿರಿಯ ಕಲಾವಿದರನ್ನು ತಿಂಗಳಿಗೊಮ್ಮೆ ಪಕ್ಕದ ಶಾಲೆಗೆ ಕಳಿಸುವ ಮನಸ್ಸು ಮಾಡಬೇಕು. ಅವರಿಗೂ ನಾಲ್ಕು ಕಾಸು ಸಿಗುತ್ತದೆ, ಮಕ್ಕಳಿಗೆ ಮನೆಬಾಗಿಲಲ್ಲೇ ಗುರು ಸಿಗುತ್ತಾರೆ.

ಅದಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಶಾಲೆಗಳಿಗೆ ಈಗಾಗಲೇ ತಿಂಗಳಿಗೊಂದು ‘ಸಂಭ್ರಮ ಶನಿವಾರ’ ಇದೆ, ಅವತ್ತು ಮಕ್ಕಳ ಹೆಗಲ ಮೇಲೆ ಬ್ಯಾಗಿರುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ನನ್ನದೊಂದು ಕೇಳಿಕೆ: ಆ ಒಂದು ಬೆಳಗನ್ನು ನಾಟಕಕ್ಕೆ ಬಿಟ್ಟುಕೊಡಿ. ಒಂದು ಹಲಗಿ, ಒಂದು ಕಂಬಳಿ, ಊರಿನ ಒಂದು ಕಥೆ ಇದ್ದರೆ ಸಾಕು. ಮಾತು ಬರೆದುಕೊಡಬೇಡಿ, ಮಕ್ಕಳೇ ಆಡುತ್ತಾರೆ.